ಜಿಪಿಎಸ್ ಎಲ್ಲರ ಬಳಿಯೂ ಇದೆ, ದಾರಿ ಬಲ್ಲವರು ಯಾರು? ಸಣ್ಣ ಲಾರಿ ಸಾರಿಗೆ ಸಂಸ್ಥೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಹುಬ್ಬಳ್ಳಿಯ ಲಾರಿ ಕಚೇರಿಯಲ್ಲಿ 22 ವರ್ಷ ದುಡಿದ ಚಾಲಕರೊಬ್ಬರು ಒಂದು ಏಪ್ರಿಲ್ ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೋದರು. ನಾವೆಲ್ಲ ಅವರನ್ನು ಉಸ್ತಾದ ಎಂದೇ ಕರೆಯುತ್ತಿದ್ದೆವು. ಶಾಲು ಹೊದಿಸಿದೆವು, ಬರಬೇಕಾದ ಹಣ ಕೈಗಿಟ್ಟೆವು, ಅವರು ಓಡಿಸುತ್ತಿದ್ದ ಹತ್ತು ಚಕ್ರದ ಲಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿದೆವು. ಅದೇ ಲಾರಿ, ಅದೇ ದಾರಿ, ಅದೇ ಗಿರಾಕಿ. ಆದರೆ ಜೂನ್ ಮುಗಿಯುವಷ್ಟರಲ್ಲಿ ಮಂಗಳೂರಿನ ಕಡೆಗೆ ಹೋದ ಮೆಕ್ಕೆಜೋಳದ ಎರಡು ಲೋಡು ತೊಯ್ದವು, ಇನ್ನೊಂದು ಲೋಡು ಗೋದಾಮಿನ ಬಾಗಿಲಲ್ಲಿ ಎರಡು ದಿನ ನಿಂತಿತು.

ಕೊನೆಗೆ ಉಸ್ತಾದರ ಮನೆಗೇ ಹೋಗಿ ಕೇಳಿದೆ. ಮಳೆಗಾಲದಲ್ಲಿ ಅವರು ಅರಬೈಲು ಘಟ್ಟ ಇಳಿಯುವ ಮೊದಲು ಯಲ್ಲಾಪುರದಲ್ಲಿ ಲಾರಿ ನಿಲ್ಲಿಸಿ ಟಾರ್ಪಾಲಿನ ಹಗ್ಗವನ್ನು ಮತ್ತೊಮ್ಮೆ ಬಿಗಿಯುತ್ತಿದ್ದರಂತೆ. ಎಪ್ಪತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಮೂಟೆಗಳು ಕುಳಿತುಕೊಂಡು ಹಗ್ಗ ಸಡಿಲಾಗಿರುತ್ತದೆ. ಕರಾವಳಿಯ ಗಾಳಿ ಆ ಸಡಿಲಿಗೇ ಕೈ ಹಾಕುತ್ತದೆ. ಆ ಗೋದಾಮಿನ ಹಮಾಲರು ಶನಿವಾರ ಮಧ್ಯಾಹ್ನದ ಮೇಲೆ ಸಿಗುವುದಿಲ್ಲವೆಂದು ಗುರುವಾರವೇ ಹೊರಡುತ್ತಿದ್ದರಂತೆ. "ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಉಸ್ತಾದರೇ?" ಎಂದೆ. "ನೀವು ಕೇಳಲಿಲ್ಲವಲ್ಲ ಸಾಹುಕಾರರೇ" ಎಂದರು.

ಆ ಲಾರಿಯಲ್ಲಿ ಜಿಪಿಎಸ್ ಇತ್ತು. ಲೋಡು ತೊಯ್ಯುತ್ತಿದ್ದಾಗ ಲಾರಿ ಎಲ್ಲಿತ್ತು ಎಂಬುದನ್ನು ಅದು ಕರಾರುವಾಕ್ಕಾಗಿ ತೋರಿಸಿತ್ತು.

ಐದರಿಂದ ನಲವತ್ತು ಲಾರಿ ಇಟ್ಟುಕೊಂಡು ಸರಕು ಸಾಗಣೆ ನಡೆಸುವವರಿಗಾಗಿ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ. ನಾನು ಹೇಳಬೇಕಾದದ್ದು ಒಂದೇ: ತಂತ್ರಜ್ಞಾನವನ್ನು ಯಾರು ಬೇಕಾದರೂ ಕೊಳ್ಳಬಹುದು, ಆದ್ದರಿಂದ ಅದೊಂದರಿಂದಲೇ ನೀವು ಪಕ್ಕದ ಕಚೇರಿಯವರಿಗಿಂತ ಮುಂದೆ ಹೋಗಲಾರಿರಿ. ಯಂತ್ರ ಕೊಡುವ ಅಂಕಿಗಳು ಮತ್ತು ನಿಮ್ಮ ಜನರ ತಲೆಯಲ್ಲಿರುವ ತಿಳಿವಳಿಕೆ ಒಂದೇ ಪುಟದ ಮೇಲೆ ಬಂದಾಗ ಹುಟ್ಟುವುದನ್ನು ಮಾತ್ರ ಬೇರೆಯವರು ಕೊಳ್ಳಲಾರರು.

ಮೇಲುಗೈ ಎಂದರೆ ಏನು?

ಅಮೆರಿಕದ ಜೇ ಬಾರ್ನಿ ಎಂಬ ನಿರ್ವಹಣಾ ವಿದ್ವಾಂಸರು 1991ರಲ್ಲಿ ಮಂಡಿಸಿದ ನಾಲ್ಕು ಅಳತೆಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ನಿಮ್ಮಲ್ಲಿರುವ ಒಂದು ಸಂಪನ್ಮೂಲದ ಬಗ್ಗೆ ಹೀಗೆ ಕೇಳಿಕೊಳ್ಳಿ: ಅದರಿಂದ ನಿಜಕ್ಕೂ ಲಾಭವಿದೆಯೇ? ಅದು ವಿರಳವೇ? ಬೇರೆಯವರು ಅದನ್ನು ಸುಲಭವಾಗಿ ನಕಲು ಮಾಡಬಲ್ಲರೇ? ಅದರ ಬದಲಿಗೆ ಇನ್ನೊಂದನ್ನು ತಂದು ಕೂರಿಸಬಹುದೇ? ಜಿಪಿಎಸ್ ಪೆಟ್ಟಿಗೆ ಮೊದಲ ಪ್ರಶ್ನೆಯಲ್ಲಿ ಗೆಲ್ಲುತ್ತದೆ, ಎರಡನೆಯದರಲ್ಲೇ ಸೋಲುತ್ತದೆ. ಉಸ್ತಾದರ ಯಲ್ಲಾಪುರದ ಹಗ್ಗ ನಾಲ್ಕರಲ್ಲೂ ಗೆಲ್ಲುತ್ತದೆ. ಆದರೆ ಅದು ಅವರ ಜೊತೆಗೇ ಊರಿಗೆ ಹೋಗಿಬಿಟ್ಟಿತು.

ದೊಡ್ಡವರ ಕಥೆಯೂ ಇದೇ. ಪೊಟ್ಟಣ ಎಲ್ಲಿದೆ ಎಂದು ಹೇಳಬಲ್ಲ ಕೈಯಂತ್ರವನ್ನು ಫೆಡೆಕ್ಸ್ 1986ರಲ್ಲಿ ತನ್ನ ಸಿಬ್ಬಂದಿಗೆ ಕೊಟ್ಟಾಗ ಅದು ಅಚ್ಚರಿಯ ಸಂಗತಿ. ಇಂದು ನಮ್ಮೂರಿನ ಕೊರಿಯರ್ ಹುಡುಗನ ಮೊಬೈಲಿನಲ್ಲೂ ಅದೇ ಸೌಲಭ್ಯವಿದೆ. ಯಂತ್ರದಿಂದ ಬಂದ ಮುನ್ನಡೆ ಕರಗುತ್ತದೆ. ಯಂತ್ರವನ್ನು ಮೊದಲು ಬಳಸಿ ಕಲಿತದ್ದು ಉಳಿಯುತ್ತದೆ.

ಹತ್ತಿರದ ಉದಾಹರಣೆ ಬೇಕೆಂದರೆ ವಿಆರ್‌ಎಲ್ ಇದೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಸಂಸ್ಥೆ ಅದು. ಹುಬ್ಬಳ್ಳಿ ಸಮೀಪದ ವರೂರಿನಲ್ಲಿ ಅವರು ಲಾರಿಗಳ ಬಾಡಿಯನ್ನು ತಾವೇ ಕಟ್ಟಿಸುತ್ತಾರೆ, ದುರಸ್ತಿಯನ್ನೂ ತಮ್ಮಲ್ಲೇ ಮಾಡಿಸುತ್ತಾರೆ. ಚಾಸಿ, ಅಂದರೆ ಬಾಡಿ ಕಟ್ಟದ ಬರಿಯ ಲಾರಿ, ಯಾರಿಗೆ ಬೇಕಾದರೂ ಸಿಗುತ್ತದೆ. ಆದರೆ ನಮ್ಮ ಸರಕಿಗೆ ಬಾಡಿ ಎಷ್ಟು ಉದ್ದ, ಎಷ್ಟು ಹಗುರ ಇರಬೇಕು, ಯಾವ ಕೀಲು ಎಷ್ಟು ತಿಂಗಳಿಗೆ ಸವೆಯುತ್ತದೆ ಎಂಬ ಅರಿವು ತನ್ನ ಬಾಡಿಯನ್ನು ತಾನೇ ಕಟ್ಟಿ, ಓಡಿಸಿ, ಬಿಚ್ಚಿ ನೋಡಿದವರಿಗೆ ಬರುತ್ತದೆ. ನಮ್ಮಂಥವರು ವರೂರನ್ನು ಕಟ್ಟಲಾರೆವು, ನಿಜ. ಆ ಬುದ್ಧಿಯನ್ನು ನಮ್ಮ ಅಳತೆಗೆ ತಕ್ಕಂತೆ ಕಟ್ಟಿಕೊಳ್ಳಬಹುದು.

ಹಂತ 1: ಟ್ರಿಪ್ ಶೀಟನ್ನು ಮೊದಲು ಸರಿಪಡಿಸಿ

ಯಾವ ಸಾಫ್ಟ್‌ವೇರ್ ಕೊಳ್ಳುವ ಮೊದಲೂ ಒಂದು ಕೆಲಸ ಮಾಡಿ. ಕಳೆದ ಮೂರು ತಿಂಗಳ ಟ್ರಿಪ್ ಶೀಟುಗಳನ್ನು, ಅಂದರೆ ಪ್ರತಿ ಓಟದ ಲೆಕ್ಕದ ಹಾಳೆಗಳನ್ನು, ಮೇಜಿನ ಮೇಲೆ ಹರಡಿಕೊಂಡು ಕುಳಿತುಕೊಳ್ಳಿ. ಬಹುತೇಕ ಕಚೇರಿಗಳಲ್ಲಿ "ದಾರಿ ಖರ್ಚು" ಎಂಬ ಒಂದೇ ಅಂಕಣ ಇರುತ್ತದೆ. ಟೋಲು, ಹಮಾಲಿ, ಪಂಚರ್, ತೂಕದ ಚೀಟಿ, ಚಾಲಕರ ಊಟ ಎಲ್ಲವೂ ಅದರೊಳಗೇ. ಈ ಒಂದು ಅಂಕಣ ನಿಮ್ಮ ಎಷ್ಟೋ ಪ್ರಶ್ನೆಗಳನ್ನು ನುಂಗಿ ಹಾಕುತ್ತದೆ. ಅದನ್ನು ಒಡೆಯಿರಿ.

ಹೊಸ ಶೀಟಿನಲ್ಲಿ ಕನಿಷ್ಠ ಇಷ್ಟು ಇರಲಿ: ಹೊರಟಾಗಿನ ಮತ್ತು ಮರಳಿದಾಗಿನ ಓಡೋಮೀಟರ್ ಅಂಕಿ, ಲೋಡಿನ ತೂಕ, ಬಾಡಿಗೆ, ತುಂಬಿಸಿದ ಡೀಸೆಲಿನ ಲೀಟರು, ಟೋಲು, ಬಾಟಾ (ಚಾಲಕರ ದಿನಭತ್ಯೆ), ಹಮಾಲಿ, ದುರಸ್ತಿ, ಲೋಡು ಮಾಡಲು ಕಾದ ತಾಸು, ಇಳಿಸಲು ಕಾದ ತಾಸು, ಖಾಲಿ ಓಡಿದ ಕಿಲೋಮೀಟರ್, ಮುಂಗಡ, ಬಾಕಿ ಬಂದ ದಿನಾಂಕ. ಕೊನೆಯಲ್ಲಿ ಎರಡು ಸಾಲು ಖಾಲಿ ಜಾಗವಿರಲಿ. ಅದಕ್ಕೆ "ಈ ಸಲ ಹೊಸದಾಗಿ ತಿಳಿದದ್ದು" ಎಂದು ಹೆಸರಿಡಿ. ಈ ಎರಡು ಸಾಲೇ ಮುಂದೆ ನಿಮ್ಮ ಆಸ್ತಿಯಾಗುತ್ತದೆ.

ಲೆಕ್ಕ ಹೇಗೆ ಮಾತಾಡುತ್ತದೆ ನೋಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 820 ಕಿಲೋಮೀಟರ್. ಲೀಟರಿಗೆ 4 ಕಿಲೋಮೀಟರ್ ಕೊಡುವ ಲಾರಿಗೆ 205 ಲೀಟರ್ ಬೇಕು; 4.5 ಕೊಡುವ ಲಾರಿಗೆ 182 ಸಾಕು. ವ್ಯತ್ಯಾಸ 23 ಲೀಟರ್. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಒಂದು ಟ್ರಿಪ್ಪಿಗೆ 2,070 ರೂಪಾಯಿ, ತಿಂಗಳಿಗೆ ಹತ್ತು ಟ್ರಿಪ್ಪಾದರೆ 20,700. ಒಂದೇ ಮಾದರಿಯ ಎರಡು ಲಾರಿಗಳ ನಡುವೆ ಈ ಅರ್ಧ ಕಿಲೋಮೀಟರಿನ ಅಂತರ ಕಂಡುಬಂದರೆ ಕಾರಣ ಎಂಜಿನ್ನಿನಲ್ಲಿರಬಹುದು, ಟೈರಿನ ಗಾಳಿಯಲ್ಲಿರಬಹುದು, ಗೇರು ಬದಲಿಸುವ ಕೈಯಲ್ಲಿರಬಹುದು. ಶೀಟು ಕಾರಣ ಹೇಳುವುದಿಲ್ಲ, ಎಲ್ಲಿ ಹುಡುಕಬೇಕೆಂದು ಹೇಳುತ್ತದೆ.

ಹಂತ 2: ಈಗಾಗಲೇ ಇರುವ ಮಾಹಿತಿಯನ್ನು ಓದಲು ಕಲಿಯಿರಿ

ಹೊಸ ಯಂತ್ರಕ್ಕೆ ಹಣ ಹಾಕುವ ಮುನ್ನ ನಿಮ್ಮ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಅದು ಕಡ್ಡಾಯವಾದಾಗಿನಿಂದ ನಿಮ್ಮ ಪ್ರತಿಯೊಂದು ಲಾರಿಯ ಓಡಾಟವೂ ಅಲ್ಲಿ ದಾಖಲಾಗುತ್ತಿದೆ. ನಾವು ಅದರಲ್ಲಿ ಕಡಿತವಾದ ಹಣವನ್ನಷ್ಟೇ ನೋಡುತ್ತೇವೆ, ಸಮಯವನ್ನು ನೋಡುವುದಿಲ್ಲ.

ಬಂಕಾಪುರ, ಚಳಗೇರಿ, ಹೆಬ್ಬಾಳು, ಗುಯಿಲಾಳು, ಕರಜೀವನಹಳ್ಳಿ – ಬೆಂಗಳೂರಿಗೆ ಹೋಗುವ ಲಾರಿ ಈ ಟೋಲುಗಳನ್ನು ದಾಟಿದ ಸಮಯವನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಹತ್ತು ಟ್ರಿಪ್ಪುಗಳನ್ನು ಹೀಗೆ ಬರೆದರೆ ಯಾವ ಎರಡು ಟೋಲುಗಳ ನಡುವೆ ಯಾವ ಹೊತ್ತಿನಲ್ಲಿ ಸಮಯ ಸೋರುತ್ತಿದೆ ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಒಂದು ಎಚ್ಚರಿಕೆ: ಸ್ಟೇಟ್‌ಮೆಂಟಿನಲ್ಲಿ ಟ್ಯಾಗನ್ನು ಯಂತ್ರ ಓದಿದ ಸಮಯ ಬೇರೆ, ಬ್ಯಾಂಕು ಹಣ ಕಡಿತ ಮಾಡಿದ ಸಮಯ ಬೇರೆ ಇರಬಹುದು. ಓದಿದ ಸಮಯವನ್ನೇ ಹಿಡಿಯಿರಿ. ಇಲ್ಲವಾದರೆ ಢಾಬಾದಲ್ಲಿ ಮಲಗಿದ್ದಾನೆಂದು ತಪ್ಪಿಲ್ಲದ ಚಾಲಕನನ್ನು ಬೈಯುತ್ತೀರಿ.

ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ, ಇ-ವೇ ಬಿಲ್ಲೂ ಹೀಗೆಯೇ. 50,000 ರೂಪಾಯಿ ಮೀರಿದ ಸರಕಿಗೆ ಅದು ಬೇಕು ಎಂಬುದು ಎಲ್ಲರಿಗೂ ಗೊತ್ತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಅದನ್ನು ದೇಶದಲ್ಲೇ ಮೊದಲು ತಂದದ್ದು ಕರ್ನಾಟಕ. ಆದರೆ ಕಳೆದ ವರ್ಷದ ಬಿಲ್ಲುಗಳನ್ನು ಒಟ್ಟುಗೂಡಿಸಿ ನೋಡಿದವರು ಎಷ್ಟು ಮಂದಿ? ಯಾವ ಗಿರಾಕಿ ಯಾವ ತಿಂಗಳಲ್ಲಿ ಯಾವ ಊರಿಗೆ ಏನು ಕಳುಹಿಸಿದರು ಎಂಬುದೆಲ್ಲ ಅದರಲ್ಲಿದೆ. ಮುಂದಿನ ವರ್ಷದ ಲೋಡು ಎಲ್ಲಿ ಹುಟ್ಟುತ್ತದೆ ಎಂದು ಅದೇ ಹೇಳುತ್ತದೆ.

ಹಂತ 3: ಯಂತ್ರ ಕೊಳ್ಳಿ, ಆದರೆ ಪ್ರಶ್ನೆ ಇಟ್ಟುಕೊಂಡು ಕೊಳ್ಳಿ

ಹೊಸ ಲಾರಿಗಳಿದ್ದರೆ ಮೊದಲು ತಯಾರಕರೇ ಕೊಟ್ಟಿರುವ ವ್ಯವಸ್ಥೆಯನ್ನು ನೋಡಿ. ಟಾಟಾದ ಫ್ಲೀಟ್ ಎಡ್ಜ್, ಅಶೋಕ್ ಲೇಲ್ಯಾಂಡಿನ ಐ-ಅಲರ್ಟ್ ಮುಂತಾದವು ಲಾರಿ ಇರುವ ಜಾಗದ ಜೊತೆಗೆ ಎಂಜಿನ್ನಿನ ಸ್ಥಿತಿಯನ್ನೂ ತಿಳಿಸುತ್ತವೆ. ಅದು ಇದ್ದೂ ಇನ್ನೊಂದು ಪೆಟ್ಟಿಗೆ ಹಾಕಿಸಿ ಎರಡೆರಡು ಬಾಡಿಗೆ ಕಟ್ಟುವವರನ್ನು ನೋಡಿದ್ದೇನೆ.

ಹಳೆಯ ಲಾರಿಗಳಿಗೆ ಹೊರಗಿನಿಂದ ಕೊಳ್ಳುವುದಾದರೆ ಮಾರಾಟಗಾರರನ್ನು ಮೂರು ವಿಷಯ ಕೇಳಿ. ಮಾಹಿತಿಯನ್ನು ಎಕ್ಸೆಲ್ ಕಡತವಾಗಿ ನಾವೇ ಇಳಿಸಿಕೊಳ್ಳಬಹುದೇ? ಒಪ್ಪಂದ ಮುಗಿದ ಮೇಲೆ ಹಳೆಯ ಮಾಹಿತಿ ನಮಗೆ ಸಿಗುತ್ತದೆಯೇ? ಮೊಬೈಲ್ ಸಿಗ್ನಲ್ ಇಲ್ಲದ ಘಟ್ಟದಲ್ಲಿ ಯಂತ್ರ ಮಾಹಿತಿಯನ್ನು ತನ್ನೊಳಗೇ ಇಟ್ಟುಕೊಂಡು ಆಮೇಲೆ ಕಳುಹಿಸುತ್ತದೆಯೇ? ಎರಡನೆಯ ಪ್ರಶ್ನೆಗೆ ಉತ್ತರ ತೊದಲಿದರೆ ಎದ್ದು ಬನ್ನಿ. ಮೂರು ವರ್ಷದ ನಿಮ್ಮ ಓಡಾಟದ ಇತಿಹಾಸ ಇನ್ನೊಬ್ಬರ ಕೈಯಲ್ಲಿದ್ದರೆ ನೀವು ಕಟ್ಟಿದ ಮನೆಗೆ ನೀವೇ ಬಾಡಿಗೆದಾರರು.

ನಂತರ, ಕಚೇರಿಯಲ್ಲಿ ಯಾರು ಇದನ್ನು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಎಂಬುದನ್ನು ಬರೆದಿಡಿ. ಈ ವ್ಯವಸ್ಥೆಗಳು ಮೂವತ್ತು ಬಗೆಯ ಎಚ್ಚರಿಕೆ ಕೊಡುತ್ತವೆ. ಮೂರನ್ನು ಮಾತ್ರ ಆನ್ ಮಾಡಿ. ನನ್ನ ಆಯ್ಕೆ ಇದು: ಗಿರಾಕಿಯ ಗೇಟಿನಲ್ಲಿ ನಾಲ್ಕು ತಾಸಿಗಿಂತ ಹೆಚ್ಚು ನಿಂತದ್ದು, ರಾತ್ರಿ ದಾರಿಯಲ್ಲಿಲ್ಲದ ಜಾಗದಲ್ಲಿ ನಿಂತದ್ದು, ಎಂಜಿನ್ ಚಾಲೂ ಇಟ್ಟು ಅರ್ಧ ತಾಸು ನಿಂತದ್ದು. ಉಳಿದದ್ದು ತಿಂಗಳ ಕೊನೆಯ ವರದಿಯಲ್ಲಿ ನೋಡಿದರೆ ಸಾಕು.

ಡೀಸೆಲ್ ಸೆನ್ಸರಿನ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಟ್ಯಾಂಕಿನೊಳಗೆ ಇಳಿಬಿಡುವ ಕಡ್ಡಿಯಂಥ ಸೆನ್ಸರನ್ನು ಹಾಕಿಸಿದ ಮೊದಲ ತಿಂಗಳಲ್ಲೇ ಒಂದು ರಾತ್ರಿ ಪರದೆಯ ಮೇಲೆ ಗೆರೆ ಸರ್ರನೆ ಕೆಳಗಿಳಿಯಿತು, ಹತ್ತೊಂಬತ್ತು ಲೀಟರ್. ಲಾರಿ ಅರಬೈಲು ಘಟ್ಟದಲ್ಲಿತ್ತು. ಬೆಳಿಗ್ಗೆ ಚಾಲಕ ಬಂದ ಕೂಡಲೇ, ಕ್ಲೀನರ್ ಹುಡುಗನ ಎದುರಿಗೇ, ಎಷ್ಟಕ್ಕೆ ಮಾರಿದೆ ಎಂದು ಕೇಳಿಬಿಟ್ಟೆ. ಅವನು ಏನೂ ಹೇಳಲಿಲ್ಲ, ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತ. ಆಮೇಲೆ ಗೆರೆಯನ್ನು ಪೂರ್ತಿ ನೋಡಿದಾಗ, ಘಟ್ಟ ಇಳಿದು ಸಮತಟ್ಟಾದ ರಸ್ತೆಗೆ ಬಂದೊಡನೆ ಅದೇ ಹತ್ತೊಂಬತ್ತು ಲೀಟರ್ ಮರಳಿ ಬಂದಿತ್ತು. ಇಳಿಜಾರಿನಲ್ಲಿ ಟ್ಯಾಂಕಿನ ಡೀಸೆಲ್ ಒಂದು ಬದಿಗೆ ಸರಿದು ಸೆನ್ಸರಿಗೆ ಕಡಿಮೆ ಕಂಡಿತ್ತು, ಅಷ್ಟೆ. ನಾನು ಕ್ಷಮೆ ಕೇಳಿದೆ, ಅದೂ ಕ್ಲೀನರ್ ಹುಡುಗನ ಎದುರಿಗೇ. ಆದರೂ ಆ ಚಾಲಕ ಮತ್ತೆ ಮನಬಿಚ್ಚಿ ಮಾತಾಡಲು ಒಂದು ವರ್ಷ ಹಿಡಿಯಿತು.

ಆದ್ದರಿಂದ ಸೆನ್ಸರ್ ಹಾಕಿಸಿದ ದಿನ ಟ್ಯಾಂಕನ್ನು ಖಾಲಿ ಮಾಡಿಸಿ, ಇಪ್ಪತ್ತಿಪ್ಪತ್ತು ಲೀಟರ್ ತುಂಬಿಸುತ್ತಾ ಪ್ರತಿ ಬಾರಿ ಅಂಕಿ ಸರಿಯಿದೆಯೇ ಎಂದು ನೋಡಿ. ಮೊದಲ ಎರಡು ತಿಂಗಳು ಆ ಅಂಕಿಯ ಮೇಲೆ ಯಾರನ್ನೂ ಪ್ರಶ್ನಿಸಬೇಡಿ. ಯಂತ್ರದ ಮಾಹಿತಿಯನ್ನು ಶಿಕ್ಷೆಗೆ ಬಳಸಿದ ದಿನವೇ ಚಾಲಕರ ತಿಳಿವಳಿಕೆಯ ಬಾಗಿಲು ಮುಚ್ಚುತ್ತದೆ. ಲಾರಿಯಲ್ಲಿ ಏನನ್ನು ಅಳೆಯುತ್ತಿದ್ದೀರಿ, ಅದನ್ನು ಯಾರು ನೋಡುತ್ತಾರೆ ಎಂಬುದನ್ನು ಚಾಲಕರಿಗೆ ಮೊದಲೇ ತಿಳಿಸಿ. ಅದು ಮರ್ಯಾದೆಯ ಪ್ರಶ್ನೆ.

ಹಂತ 4: ತಲೆಯಲ್ಲಿರುವುದನ್ನು ಪುಟಕ್ಕೆ ಇಳಿಸಿ

ಈ ಮಾರ್ಗದರ್ಶಿಯ ಜೀವ ಇಲ್ಲಿದೆ. ಸಂಸ್ಥೆಗಳಲ್ಲಿ ಜ್ಞಾನ ಹೇಗೆ ಹುಟ್ಟುತ್ತದೆ ಎಂದು ಅಧ್ಯಯನ ಮಾಡಿದ ಜಪಾನಿನ ಇಕುಜಿರೊ ನೊನಾಕಾ ಅವರ ವಿಚಾರವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ: ಕೈಗೆ ಗೊತ್ತಿರುವುದು ಬಾಯಿಗೆ ಬರಬೇಕು, ಬಾಯಿಗೆ ಬಂದದ್ದು ಬರಹಕ್ಕೆ ಇಳಿಯಬೇಕು, ಬರೆದದ್ದು ಇನ್ನೊಬ್ಬರ ಕೈಗೆ ಮತ್ತೆ ಅಭ್ಯಾಸವಾಗಬೇಕು. ಈ ಸುತ್ತು ಎಲ್ಲಿ ಮುರಿದರೂ ಜ್ಞಾನ ನಿಂತುಹೋಗುತ್ತದೆ.

ಚಾಲಕರನ್ನು ಕೂರಿಸಿಕೊಂಡು "ನಿನಗೆ ಗೊತ್ತಿರುವುದನ್ನೆಲ್ಲ ಹೇಳು" ಎಂದರೆ "ಏನಿದೆ ಸಾಹುಕಾರರೇ, ಓಡಿಸುತ್ತೇವೆ, ಅಷ್ಟೆ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಗೊತ್ತಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ನಿನ್ನೆ ಮುಗಿದ ಟ್ರಿಪ್ಪಿನ ಬಗ್ಗೆ ಕೇಳಿ. ಲಾರಿ ಮರಳಿದ ದಿನ, ಲೆಕ್ಕ ಕೊಡುವ ಹೊತ್ತಿಗೆ, ಚಹಾ ತರಿಸಿ ಐದು ನಿಮಿಷ ಮಾತಾಡಿ. ಎಲ್ಲಿ ನಿಲ್ಲಿಸಿದಿರಿ, ಯಾಕೆ ಅಲ್ಲೇ? ಯಾವ ಗೇಟಿನಲ್ಲಿ ತಡವಾಯಿತು, ಅಲ್ಲಿ ಯಾರನ್ನು ಕೇಳಿದರೆ ಕೆಲಸವಾಗುತ್ತದೆ? ಇದೇ ದಾರಿಗೆ ಹೊಸ ಹುಡುಗನನ್ನು ಕಳುಹಿಸಿದರೆ ಅವನಿಗೆ ಏನು ಹೇಳುತ್ತೀರಿ? ಮೂರನೆಯ ಪ್ರಶ್ನೆ ಯಾವತ್ತೂ ಬರಿಗೈಯಲ್ಲಿ ಬರುವುದಿಲ್ಲ.

ಬರೆಯಲು ಕೈಬಾರದವರಿಗೆ ವಾಟ್ಸಾಪಿನ ಧ್ವನಿ ಸಂದೇಶವಿದೆ. ನಮ್ಮಲ್ಲಿ ಕನ್ನಡ, ಹಿಂದಿ, ತೆಲುಗು, ತಮಿಳು ಆಡುವ ಚಾಲಕರೆಲ್ಲ ಇದ್ದಾರೆ. ಅವರವರ ಭಾಷೆಯಲ್ಲೇ ಹೇಳಲಿ. ವಾರಕ್ಕೊಮ್ಮೆ ಕಚೇರಿಯ ಒಬ್ಬರು ಎಲ್ಲವನ್ನೂ ಕೇಳಿ ಎರಡು ಪುಸ್ತಕಗಳಲ್ಲಿ ಬರೆದಿಡಲಿ.

ಮೊದಲನೆಯದು ದಾರಿ ಪುಸ್ತಕ. ದಾರಿಗೊಂದು ಪುಟ. ಯಾವ ತಿರುವಿನಲ್ಲಿ ಎತ್ತರದ ಲೋಡು ಮರದ ಕೊಂಬೆಗೆ ತಾಗುತ್ತದೆ, ಯಾವ ಬಂಕಿನಲ್ಲಿ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು, ಎಲ್ಲಿ ಒಳ್ಳೆಯ ಮೆಕ್ಯಾನಿಕ್ ಸಿಗುತ್ತಾನೆ, ಬೆಂಗಳೂರಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವ ಹೊತ್ತಿಗೆ ಸಿಕ್ಕಿಕೊಳ್ಳದಂತೆ ಎಷ್ಟು ಗಂಟೆಗೆ ತುಮಕೂರು ದಾಟಬೇಕು. ಮಳೆಗಾಲಕ್ಕೆ ಬೇರೆ ಪುಟವಿರಲಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಚಾರ್ಮಾಡಿಯಲ್ಲಿ ಹೋಗೋಣ ಎನ್ನುವಂತಿಲ್ಲ, ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಅಂದು ನಮ್ಮ ಚಾಲಕರ ಗುಂಪಿಗೆ ಮುಂದಿದ್ದವರೊಬ್ಬರ ಧ್ವನಿ ಸಂದೇಶ ಬಂತು, "ಯಾರೂ ಇಳಿಯಬೇಡಿ, ಯಲ್ಲಾಪುರದಲ್ಲೇ ನಿಲ್ಲಿ". ಹಿಂದಿದ್ದ ಇಬ್ಬರು ಅಲ್ಲೇ ನಿಂತರು. ಆ ಸಂದೇಶವನ್ನು ನಾನು ಇಂದಿಗೂ ಅಳಿಸಿಲ್ಲ.

ಎರಡನೆಯದು ಗಿರಾಕಿ ಪುಸ್ತಕ. ಸರಕಿನ ಗುಣವೂ ಇದರಲ್ಲೇ ಬರಲಿ. ಬ್ಯಾಡಗಿ ಮೆಣಸಿನಕಾಯಿ ಹಗುರ. ತೂಕ ಮುಟ್ಟುವ ಮೊದಲೇ ಜಾಗ ತುಂಬುತ್ತದೆ, ಆದ್ದರಿಂದ ಟನ್ನಿನ ಲೆಕ್ಕದಲ್ಲಿ ಬಾಡಿಗೆ ಒಪ್ಪಿದರೆ ನಷ್ಟ. ಗೊಬ್ಬರ ಹಾಕಿಕೊಂಡು ಬಂದ ಲಾರಿಯನ್ನು ತೊಳೆದು ಒಣಗಿಸದೆ ಅದಕ್ಕೆ ಮೆಣಸಿನಕಾಯಿ ಹಾಕಬಾರದು. ಕೋಲಾರದ ಟೊಮೆಟೊ ಹದಿನೈದು ಕಿಲೋ ಕ್ರೇಟುಗಳಲ್ಲಿ ಬರುತ್ತದೆ. ಸಾಲುಗಳ ನಡುವೆ ಗಾಳಿ ಆಡದಂತೆ ಒತ್ತಿ ಜೋಡಿಸಿದರೆ ದಿಲ್ಲಿ ಮುಟ್ಟುವಷ್ಟರಲ್ಲಿ ಕೆಳಗಿನ ಸಾಲು ಬಿಸಿಗೆ ಕೊಳೆಯುತ್ತದೆ. ಇಂಥ ಒಂದು ಸಾಲು ಬರೆದಿಟ್ಟಿದ್ದರೆ ಒಂದು ಲೋಡು ಉಳಿಯುತ್ತದೆ.

ಹೇಳಿದವರ ಹೆಸರನ್ನು ಆ ಸಾಲಿನ ಪಕ್ಕದಲ್ಲೇ ಬರೆಯಿರಿ. ತಾನು ಹೇಳಿದ್ದು ಪುಸ್ತಕಕ್ಕೆ ಬಂತು ಎಂದು ಕಂಡಾಗ ಚಾಲಕರ ಮುಖ ನೋಡಬೇಕು ನೀವು. ಮಾತಿನ ಜೊತೆಗೆ ಹಣವೂ ಇರಲಿ: ನಿಗದಿತ ಮೈಲೇಜಿಗಿಂತ ಉಳಿಸಿದ ಡೀಸೆಲಿನ ಅರ್ಧ ಹಣ ಚಾಲಕರಿಗೆ, ತಿಂಗಳ ಕೊನೆಗೆ, ಲೆಕ್ಕ ತೋರಿಸಿ ಕೊಡಿ. ಹಿರಿಯ ಚಾಲಕರು ನಿವೃತ್ತರಾಗಲು ಆರು ತಿಂಗಳಿದೆ ಎನ್ನುವಾಗಲೇ ಅವರ ಪಕ್ಕದಲ್ಲಿ ಕಿರಿಯರನ್ನು ಕೂರಿಸಿ. ಬರಹಕ್ಕೆ ಇಳಿಯದ ಎಷ್ಟೋ ಸಂಗತಿಗಳು ಹೀಗೆ ಕೈಯಿಂದ ಕೈಗೇ ದಾಟಬೇಕು.

ಹಂತ 5: ವರ್ಷದ ಲೋಡು ಪಂಚಾಂಗ ಮಾಡಿಕೊಳ್ಳಿ

ಖಾಲಿ ಓಟದಷ್ಟು ನಮ್ಮನ್ನು ತಿನ್ನುವುದು ಇನ್ನೊಂದಿಲ್ಲ. ಲೋಡು ಹುಡುಕಿಕೊಡುವ ಆಪ್‌ಗಳಿವೆ, ಬಳಸಿ. ಆದರೆ ಆಪಿನಲ್ಲಿ ಲೋಡು ಕಾಣಿಸಿಕೊಳ್ಳುವ ಹೊತ್ತಿಗೆ ಅದು ನೂರು ಜನರಿಗೂ ಕಂಡಿರುತ್ತದೆ, ಬಾಡಿಗೆ ಇಳಿದಿರುತ್ತದೆ. ಕಾಣಿಸುವ ಹದಿನೈದು ದಿನ ಮೊದಲೇ ಗೊತ್ತಿದ್ದವರಿಗೆ ಒಳ್ಳೆಯ ದರ.

ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳ ಗೆರೆ ಎಳೆದು ಹಂತ 2ರ ಬಿಲ್ಲುಗಳಿಂದಲೂ ಚಾಲಕರ ಮಾತಿನಿಂದಲೂ ತುಂಬಿಸಿ. ಕೋಲಾರದ ಟೊಮೆಟೊ ಜೂನಿನಿಂದ ಸೆಪ್ಟೆಂಬರಿನವರೆಗೆ ಜೋರು. ಮೆಕ್ಕೆಜೋಳ ದಾವಣಗೆರೆ, ಹಾವೇರಿ ಕಡೆ ಅಕ್ಟೋಬರ್ ನಂತರ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವುದು ನವೆಂಬರಿನ ಆಸುಪಾಸಿನಿಂದ. ಬ್ಯಾಡಗಿಯಲ್ಲಿ ಹೊಸ ಮೆಣಸಿನಕಾಯಿಯ ಆವಕ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಏರುತ್ತದೆ. ಮುಂಗಾರು ಬಿತ್ತನೆಗೆ ಮೊದಲು ಮಂಗಳೂರು ಬಂದರಿನ ಕಡೆಯಿಂದ ಗೊಬ್ಬರ ಮೇಲೆ ಬರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಮೀನಿನ ಲೋಡು ನಂಬಿ ಲಾರಿ ಇಳಿಸಬೇಡಿ.

ಈ ಹಾಳೆಯಲ್ಲಿ ಹೋಗುವ ಲೋಡು ಮತ್ತು ಬರುವ ಲೋಡು ಎರಡೂ ಕೂಡುವ ತಿಂಗಳಿಗೆ ಹಸಿರು ಬಣ್ಣ, ಒಂದೇ ಇರುವ ತಿಂಗಳಿಗೆ ಕೆಂಪು ಬಣ್ಣ ಹಚ್ಚಿ. ಕೆಂಪು ತಿಂಗಳಲ್ಲಿ ಒಮ್ಮುಖ ಬಾಡಿಗೆಯನ್ನು ಹೆಚ್ಚಿಸಿ ಕೇಳಿ, ಇಲ್ಲವೇ ಲಾರಿಯನ್ನು ಎಫ್‌ಸಿ (ವಾಹನದ ಯೋಗ್ಯತಾ ಪತ್ರ) ಮತ್ತು ದುರಸ್ತಿಗೆ ಬಿಡಿ.

ಹಂತ 6: ತಿಳಿವಳಿಕೆಯನ್ನು ಗಿರಾಕಿಗೆ ಕಾಣುವಂತೆ ಮಾಡಿ

ಬಾಡಿಗೆ ಇಳಿಸಿ ಗಿರಾಕಿ ಹಿಡಿಯುವ ಹಾದಿಯಲ್ಲಿ ಕೊನೆಗೆ ಉಳಿಯುವವರಿಲ್ಲ. ನಿಮ್ಮಲ್ಲಿ ಇರುವುದನ್ನು ಅವರಿಗೆ ಬೇರೆ ರೀತಿಯಲ್ಲಿ ಕೊಡಿ. ಲಾರಿ ಎಲ್ಲಿದೆ ಎಂಬ ಲಿಂಕು ಎಲ್ಲರೂ ಕೊಡುತ್ತಾರೆ. "ನಾಳೆ ಬೆಳಿಗ್ಗೆ ಆರಕ್ಕೆ ನಿಮ್ಮ ಗೇಟಿಗೆ ಬರುತ್ತದೆ, ಹಮಾಲರನ್ನು ಏಳಕ್ಕೆ ಕರೆಸಿ" ಎಂದು ಹೇಳಬಲ್ಲವರು ಕಡಿಮೆ. ಫಾಸ್ಟ್ಯಾಗಿನ ಸಮಯ ಮತ್ತು ದಾರಿ ಪುಸ್ತಕ ಎರಡೂ ಇದ್ದರೆ ನೀವು ಹೇಳಬಲ್ಲಿರಿ.

ಸರಕು ಮುಟ್ಟಿದ ಕೂಡಲೇ ಸಹಿ ಹಾಕಿದ ಎಲ್‌ಆರ್ (ಲಾರಿ ರಸೀದಿ) ಪ್ರತಿಯ ಫೋಟೊ ಕಚೇರಿಗೆ ಬರಲಿ, ಅದೇ ದಿನ ಬಿಲ್ಲು ಹೋಗಲಿ. ಮೂಲ ಪ್ರತಿ ಲಾರಿಯ ಜೊತೆ ಮರಳುವವರೆಗೆ ಕಾಯುವ ಕಚೇರಿಗಳು ತಮ್ಮ ಹಣವನ್ನು ತಾವೇ ತಡ ಮಾಡಿಕೊಳ್ಳುತ್ತವೆ. ಗೇಟಿನಲ್ಲಿ ಕಾದ ತಾಸುಗಳ ದಾಖಲೆಯನ್ನು ಬಿಲ್ಲಿನ ಜೊತೆಗೇ ಲಗತ್ತಿಸಿ. ಮೊದಲ ತಿಂಗಳು ಹಾಲ್ಟಿಂಗ್ ಹಣ ಕೇಳಬೇಡಿ, ದಾಖಲೆ ಮಾತ್ರ ತೋರಿಸಿ. ನಮ್ಮ ಗಿರಾಕಿಯೊಬ್ಬರು ಅದನ್ನು ನೋಡಿ ತಮ್ಮ ಗೋದಾಮಿನಲ್ಲಿ ಇನ್ನೊಂದು ಹಮಾಲರ ತಂಡ ಇಟ್ಟರು. ಅವರ ಕೆಲಸವೂ ಸುಧಾರಿಸಿತು, ನಮ್ಮ ಲಾರಿಗೆ ತಿಂಗಳಿಗೆ ಒಂದು ಟ್ರಿಪ್ ಹೆಚ್ಚಾಯಿತು. ಅವರು ಇಂದಿಗೂ ನಮ್ಮ ಜೊತೆಗಿದ್ದಾರೆ, ನಮಗಿಂತ ಕಡಿಮೆ ಬಾಡಿಗೆ ಹೇಳಿದವರು ಬಂದು ಹೋದ ಮೇಲೂ.

ಇ-ವೇ ಬಿಲ್ಲಿನ ಅವಧಿಯನ್ನು ಕಾಯುವುದೂ ಈ ಸೇವೆಯ ಭಾಗ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ, ಅದಕ್ಕಿಂತ ಹೆಚ್ಚಿನ ತುಂಡಿಗೂ ಒಂದು ದಿನ. ಹಾಗಾಗಿ 410 ಕಿಲೋಮೀಟರಿಗೆ ಮೂರು ದಿನ. ಮುಗಿಯುವ ಎಂಟು ತಾಸು ಮೊದಲಿನಿಂದ ಮುಗಿದ ಎಂಟು ತಾಸಿನವರೆಗೆ ಮಾತ್ರ ವಿಸ್ತರಿಸಬಹುದು. ದಾರಿಯಲ್ಲಿ ಕೆಟ್ಟು ಬೇರೆ ಲಾರಿಗೆ ಸರಕು ಬದಲಿಸಿದರೆ ಬಿಲ್ಲಿನಲ್ಲಿ ವಾಹನದ ವಿವರ ಬರೆಯುವ ಭಾಗ-ಬಿಯಲ್ಲಿ ಹೊಸ ಲಾರಿಯ ಸಂಖ್ಯೆ ಹಾಕಲೇಬೇಕು. ಮಧ್ಯರಾತ್ರಿಯ ಹೊತ್ತಿಗೆ ಇದನ್ನು ಮಾಡುವವರು ಯಾರು ಎಂಬುದು ಕಚೇರಿಯ ಗೋಡೆಯ ಮೇಲೆ ಹೆಸರು, ಫೋನ್ ಸಂಖ್ಯೆಯ ಸಮೇತ ಇರಲಿ.

ಹಂತ 7: ಮೊದಲ ತಿಂಗಳುಗಳ ಕ್ರಮ

ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಳ್ಳಬೇಡಿ. ಮೊದಲ ತಿಂಗಳು ಟ್ರಿಪ್ ಶೀಟು ಮಾತ್ರ. ಎರಡನೆಯ ತಿಂಗಳು ಫಾಸ್ಟ್ಯಾಗ್ ಮತ್ತು ಹಳೆಯ ಬಿಲ್ಲುಗಳು. ಮೂರನೆಯದರಲ್ಲಿ ಎರಡು ಲಾರಿಗಳಿಗೆ ಮಾತ್ರ ಯಂತ್ರ ಹಾಕಿಸಿ ನೋಡಿ, ಅದೂ ಒಪ್ಪಿ ಮುಂದೆ ಬಂದ ಚಾಲಕರ ಲಾರಿಗಳಿಗೆ. ಚಹಾದ ಹೊತ್ತಿನ ಐದು ನಿಮಿಷದ ಮಾತನ್ನು ಮೊದಲ ದಿನದಿಂದಲೇ ಶುರು ಮಾಡಿ, ಅದಕ್ಕೆ ಖರ್ಚಿಲ್ಲ. ಪುಸ್ತಕಗಳ ಹೊಣೆ ಒಬ್ಬರದೇ ಇರಲಿ. ಎಲ್ಲರ ಕೆಲಸವಾದರೆ ಯಾರ ಕೆಲಸವೂ ಆಗುವುದಿಲ್ಲ. ಕಚೇರಿಯಲ್ಲಿ ಲೆಕ್ಕ ಬರೆಯುವ ಹುಡುಗಿ ನಮ್ಮಲ್ಲಿ ಇದನ್ನು ವಹಿಸಿಕೊಂಡಿದ್ದಾಳೆ. ಲಾರಿ ಹತ್ತದ ಅವಳಿಗೆ ಇಂದು ಅರಬೈಲಿನ ಒಂದೊಂದು ತಿರುವೂ ಗೊತ್ತು. ತಿಂಗಳಿಗೊಮ್ಮೆ ಹಳೆಯ ಸಾಲುಗಳನ್ನು ತಿದ್ದಿಸಿ, ಏಕೆಂದರೆ ಹೊಸ ಮೇಲ್ಸೇತುವೆ ಬಂದ ದಿನ ಹಳೆಯ ಸಲಹೆ ಸುಳ್ಳಾಗುತ್ತದೆ.

ನೀವು ಯಾವ ತಿಂಗಳಲ್ಲಿ ಶುರು ಮಾಡಿದ್ದರೂ ಮೇ ಕೊನೆಯ ವಾರದೊಳಗೆ ಅಲ್ಲಿಯವರೆಗಿನ ದಾರಿ ಪುಸ್ತಕವನ್ನು ಮುದ್ರಿಸಿ, ಪ್ರತಿ ಪುಟಕ್ಕೂ ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಒಂದೊಂದು ಕ್ಯಾಬಿನ್ನಿನಲ್ಲೂ ಒಂದೊಂದು ಇಡಿ. ಘಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ, ಮೊಬೈಲನ್ನು ನಂಬಿ ಕೂರುವಂತಿಲ್ಲ. ಕೊನೆಯ ನಾಲ್ಕು ಪುಟಗಳನ್ನು ಮಾತ್ರ ಹೊದಿಕೆ ಹಾಕದೆ ಖಾಲಿ ಬಿಟ್ಟು, ದಾರ ಕಟ್ಟಿದ ಒಂದು ಪೆನ್ನನ್ನು ತೂಗುಹಾಕಿ.